ಪಟರ್: ಶೆಡ್ಡಿನಲ್ಲೊಂದು, ಗಾಲ್ಫ್ ಅಂಗಳದಲ್ಲೊಂದು

ಪ್ರಶ್ನೆ: ಒಂದು ಅಮೆರಿಕನ್ ಕತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲೊಬ್ಬರು ನಿವೃತ್ತರು ಬೆಳಗ್ಗೆಯೆಲ್ಲ ಗರಾಜಿನಲ್ಲಿ ‘ಪಟರಿಂಗ್ ಅರೌಂಡ್’ ಮಾಡುತ್ತಿರುತ್ತಾರೆ. ನಿಘಂಟಿನಲ್ಲಿ ‘ಪಟರ್’ ಎಂದರೆ ಗಾಲ್ಫ್ ಕೋಲು ಎಂದಿದೆ. ಎರಡು ಪುಟ ದಾಟಿದರೆ ಅವರು ನಿಜಕ್ಕೂ ಪಟರ್ ಹಿಡಿದು ಗಾಲ್ಫ್ ಆಡುತ್ತಾರೆ. ಕೊನೆಗೆ ಅವರ ಹೆಂಡತಿ ‘ಹಿ ಪಟರ್ಸ್ ಮೋರ್ ದ್ಯಾನ್ ಹಿ ಪಟ್ಸ್’ ಅನ್ನುತ್ತಾಳೆ. ಇದು ಒಂದೇ ಪದವೋ, ಎರಡೋ? ‘ಪಟರ್’ ಅನ್ನಬೇಕೋ, ‘ಪುಟರ್’ ಅನ್ನಬೇಕೋ? ಕನ್ನಡದಲ್ಲಿ ಹೇಗೆ ಹೇಳುವುದು?

ಉತ್ತರ: ಎರಡು ಪದ. ಒಂದು ಗಾಲ್ಫ್ ಕೋಲು, ಇನ್ನೊಂದು ಅವಸರವಿಲ್ಲದೆ ಅದೂ ಇದೂ ಮಾಡಿಕೊಂಡಿರುವುದು. ಪಿ, ಯು, ಟಿ, ಟಿ, ಇ, ಆರ್ ಎಂಬ ಆರು ಅಕ್ಷರಗಳೂ ಒಂದೇ, ಉಚ್ಚಾರವೂ ಒಂದೇ. ಆದರೂ ದೊಡ್ಡ ನಿಘಂಟುಗಳು ಇವಕ್ಕೆ ಬೇರೆ ಬೇರೆ ನಮೂದು ಕೊಡುತ್ತವೆ. ನಮ್ಮಲ್ಲಿ ಕರಿ ಎಂದರೆ ಆನೆ, ಕರಿ ಎಂದರೆ ಕಪ್ಪು, ಕರಿ ಎಂದರೆ ಎಣ್ಣೆಗೆ ಬಿಡು ಎಂದೂ ಆಗುವುದಿಲ್ಲವೇ? ರೂಪ ಒಂದಾದ ಮಾತ್ರಕ್ಕೆ ಪದ ಒಂದಾಗುವುದಿಲ್ಲ. ನೀವು ನೋಡಿದ್ದು ಮೊದಲ ನಮೂದು. ದೊಡ್ಡ ನಿಘಂಟಾದರೆ ಅದರ ಕೆಳಗೆ ಇನ್ನೊಂದು ಇದ್ದೇ ಇರುತ್ತದೆ, ಪುಟ್ಟ ನಿಘಂಟಾದರೆ ಇಲ್ಲದೆಯೂ ಇರಬಹುದು.

ಇವೆರಡನ್ನು ಬೇರ್ಪಡಿಸುವುದು ಕೊನೆಯ ‘ಅರ್’. ಇಂಗ್ಲಿಷಿನಲ್ಲಿ ಈ ಪ್ರತ್ಯಯಕ್ಕೆ ಎರಡು ಕಸುಬು. ಗಾಲ್ಫಿನ ಪಟರ್‌ನಲ್ಲಿ ಅದು ಸಾಧನವನ್ನು ಅಥವಾ ಮಾಡುವವರನ್ನು ಹೇಳುತ್ತದೆ. ಕಟ್ ಮಾಡುವುದು ಕಟರ್, ಹೀಟ್ ಮಾಡುವುದು ಹೀಟರ್, ‘ಪಟ್’ ಮಾಡುವುದು, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಯತ್ತ ಹೊಡೆಯುವುದು, ಪಟರ್. ಕನ್ನಡದಲ್ಲಿ ಬಾಚುವುದಕ್ಕೆ ಬಾಚಣಿಗೆ, ಬೀಸುವುದಕ್ಕೆ ಬೀಸಣಿಗೆ ಆದ ಹಾಗೆ. ಗರಾಜಿನ ಪಟರ್‌ನಲ್ಲಿರುವ ‘ಅರ್’ ಬೇರೆಯೇ ಜಾತಿ. ಒಂದು ಕ್ರಿಯೆ ಸಣ್ಣಸಣ್ಣದಾಗಿ ಮತ್ತೆ ಮತ್ತೆ ನಡೆಯುತ್ತಿರುವುದನ್ನು ಅದು ತೋರಿಸುತ್ತದೆ. ‘ಪ್ಯಾಟ್’ ಎಂದರೆ ಒಮ್ಮೆ ತಟ್ಟುವುದು. ‘ಪ್ಯಾಟರ್’ ಎಂದರೆ ಮಳೆಹನಿ ಕಿಟಕಿಗೆ ಬಿದ್ದಂತೆ ಪಟಪಟ ತಟ್ಟುತ್ತಲೇ ಇರುವುದು. ಈ ಕೆಲಸಕ್ಕೆ ಕನ್ನಡದಲ್ಲಿ ‘ಆಡು’ ಇದೆ. ಹುಡುಕು ಹುಡುಕಾಡು ಆಗುತ್ತದೆ, ತಿರುಗು ತಿರುಗಾಡು ಆಗುತ್ತದೆ, ಓಡು ಓಡಾಡು ಆಗುತ್ತದೆ. ಓಡುವವನಿಗೆ ತಲುಪುವ ಜಾಗವೊಂದಿರುತ್ತದೆ, ಓಡಾಡುವವನಿಗೆ ಅದರ ಹಂಗಿಲ್ಲ. ನಿಮ್ಮ ಕತೆಯ ನಿವೃತ್ತರು ಮಾಡುತ್ತಿರುವುದು ಇದನ್ನೇ. ಈ ‘ಆಡು’ವನ್ನು ನೆನಪಿನಲ್ಲಿಡಿ, ಹೆಂಡತಿಯ ಮಾತಿಗೆ ಬೇಕಾಗುತ್ತದೆ.

ಎರಡು ಪದ ಎಂದೆವು, ನಿಜ. ಆದರೆ ಬೇರಿನವರೆಗೂ ಹೋದರೆ ದೂರದ ನೆಂಟಸ್ತಿಕೆ ಕಾಣುತ್ತದೆ. ಅಡ್ಡಾಡಿಕೊಂಡಿರುವ ಅರ್ಥದ ‘ಪಟರ್’ ಅಮೆರಿಕದ ರೂಪ. ಬ್ರಿಟನ್ನಿನವರು ಇದನ್ನೇ ‘ಪಾಟರ್’ ಅನ್ನುತ್ತಾರೆ: ‘ಪಾಟರಿಂಗ್ ಅಬೌಟ್ ಇನ್ ದ ಗಾರ್ಡನ್’. ಕುಂಬಾರ ಎನ್ನುವುದಕ್ಕೂ ಅವರಲ್ಲಿ ಅದೇ ಕಾಗುಣಿತ ಎಂಬುದು ಅವರ ಪಾಡು. ಈ ‘ಪಾಟರ್’ 16ನೇ ಶತಮಾನದಲ್ಲಿ ‘ಮತ್ತೆ ಮತ್ತೆ ತಿವಿ’ ಎಂಬ ಅರ್ಥದಲ್ಲಿತ್ತು. ಕೋಲಿನಿಂದ ಅದನ್ನೂ ಇದನ್ನೂ ತಿವಿಯುತ್ತ ಕೂರುವವನು ಹೇಳಿಕೊಳ್ಳುವಂಥ ಕೆಲಸ ಮಾಡುತ್ತಿಲ್ಲವಲ್ಲ. ಹಾಗೆ 18ನೇ ಶತಮಾನದ ಹೊತ್ತಿಗೆ ಕ್ಷುಲ್ಲಕ ಕೆಲಸಗಳಲ್ಲಿ ತೊಡಗಿರುವುದು ಎಂಬ ಅರ್ಥ ಬಂತು. ಅದರ ಸ್ವರ ಬದಲಾಗಿ 19ನೇ ಶತಮಾನದಲ್ಲಿ ಅಮೆರಿಕದ ‘ಪಟರ್’ ಹುಟ್ಟಿತು. ಹಿಂದಕ್ಕೆ ಹೋದರೆ ಸಿಗುವುದು ‘ತಳ್ಳು’ ಎಂಬರ್ಥದ ಹಳೆಯ ಇಂಗ್ಲಿಷ್ ಧಾತು. ಇತ್ತ ಗಾಲ್ಫಿನ ‘ಪಟ್’ ಸ್ಕಾಟ್ಲೆಂಡಿನದು, ‘ಇಡು’ ಎಂಬರ್ಥದ ‘ಪುಟ್’ನ ಸ್ಕಾಟ್ಸ್ ಒಡಹುಟ್ಟು. ‘ಪುಟ್’ಗೂ ಮೊದಲಿದ್ದ ಅರ್ಥ ‘ತಳ್ಳು’ ಎಂದೇ. ಒಬ್ಬ ತಾತನ ಮರಿಮಕ್ಕಳು ಬೇರೆ ಬೇರೆ ಊರಲ್ಲಿ ಬೆಳೆದು ಕೊನೆಗೆ ಒಂದೇ ಹೆಸರಿಟ್ಟುಕೊಂಡಂತೆ. ಗುರುತು ಹಿಡಿಯಲು ಈ ನೆಂಟಸ್ತಿಕೆ ಪ್ರಯೋಜನವಿಲ್ಲ. ಅನುವಾದಿಸುವಾಗ ಇವನ್ನು ಅಪರಿಚಿತರೆಂದೇ ನೋಡಿ.

ಉಚ್ಚಾರ ಎರಡಕ್ಕೂ ‘ಪಟರ್’. ‘ಬಟ್’ನಲ್ಲಿರುವ ಅಕಾರ, ‘ಪುಟ್’ನಲ್ಲಿರುವ ಉಕಾರವಲ್ಲ. ಬಿ ಯು ಟಿ ಬಟ್ ಆದರೆ ಪಿ ಯು ಟಿ ಯಾಕೆ ಪಟ್ ಅಲ್ಲ ಎಂದು ಶಾಲೆಯಲ್ಲಿ ಎಲ್ಲರೂ ಕೇಳಿದವರೇ. ಅದಕ್ಕೆ ಕಾರಣ ಇದೆ. ಒಂದು ಕಾಲಕ್ಕೆ ಇವೆಲ್ಲಕ್ಕೂ ಉಕಾರವೇ ಇತ್ತು. 17ನೇ ಶತಮಾನದ ಸುಮಾರಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಅದು ಅಕಾರದತ್ತ ಜಾರಿತು. ಪ, ಬ, ಫಗಳಂಥ ತುಟಿಯ ವ್ಯಂಜನಗಳ ಪಕ್ಕದಲ್ಲಿದ್ದ ಹಲವು ಪದಗಳು ಮಾತ್ರ ಜಾರದೆ ಉಳಿದವು: ಪುಟ್, ಪುಲ್, ಪುಶ್, ಬುಲ್, ಫುಲ್. ಗಾಲ್ಫಿನ ‘ಪಟ್’ ಆ ಗುಂಪಿಗೆ ಸೇರಲಿಲ್ಲ. ‘ಟಿ’ಯನ್ನು ಎರಡು ಸಲ ಬರೆಯುವುದರಿಂದ ಕಣ್ಣಿಗೂ ಬೇರೆಯಾಗಿ ಕಾಣುತ್ತದೆ.

‘ಪುಟರ್’ ಎಂಬ ಉಚ್ಚಾರವೂ ಇದೆ, ಆದರೆ ಅದು ಮೂರನೆಯವರದು: ಗುಂಡು ಎಸೆಯುವ ‘ಶಾಟ್‌ಪುಟರ್’. ಕಾಗುಣಿತ ಮತ್ತೆ ಅದೇ. ಗಂಡಸರ ಗುಂಡು 7.26 ಕೆ.ಜಿ., ಹೆಂಗಸರದು 4 ಕೆ.ಜಿ. ಅದನ್ನು ಭುಜದಿಂದ ಒಂದೇ ಕೈಯಲ್ಲಿ ತಳ್ಳಬೇಕು, ಕೈಯನ್ನು ಭುಜದ ಗೆರೆಯಿಂದ ಹಿಂದಕ್ಕೆ ಒಯ್ದು ಬೀಸಿ ಎಸೆಯುವಂತಿಲ್ಲ. ‘ಪುಟ್’ನ ಹಳೆಯ ‘ತಳ್ಳು’ ಅರ್ಥ ಅಲ್ಲಿ ಜೀವಂತವಾಗಿದೆ. ಕನ್ನಡದ ‘ಗುಂಡು ಎಸೆತ’ವೇ ಆ ಲೆಕ್ಕದಲ್ಲಿ ಸ್ವಲ್ಪ ತಪ್ಪು, ಆದರೆ ಬೇರೂರಿದೆ, ಕೀಳುವ ಅಗತ್ಯವಿಲ್ಲ.

ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಒಂದು ಅನುಕೂಲ: ಇಂಗ್ಲಿಷ್ ಮುಚ್ಚಿಡುವುದನ್ನು ನಮ್ಮ ಕಾಗುಣಿತ ಬಿಚ್ಚಿಡುತ್ತದೆ. ಇಂಗ್ಲಿಷಿನ ಎರಡು ‘ಟಿ’ ನೋಡಿ ‘ಪಟ್ಟರ್’ ಎಂದು ಒತ್ತು ಕೊಡಬೇಡಿ. ಅಲ್ಲಿ ದ್ವಿತ್ವ ಕಾಗದದ ಮೇಲಷ್ಟೇ, ಬಾಯಲ್ಲಿಲ್ಲ. ಅಮೆರಿಕನ್ನರ ಬಾಯಲ್ಲಂತೂ ಆ ‘ಟ’ ಮೆತ್ತಗಾಗಿ ‘ಪಡರ್’ ಎಂದೇ ಕೇಳಿಸುತ್ತದೆ.

ಓದುವಾಗ ಯಾವುದು ಯಾವುದೆಂದು ತಿಳಿಯಲು ಕ್ರಿಯಾರೂಪ ನೋಡುವುದು ಎಲ್ಲಕ್ಕಿಂತ ಭದ್ರ. ಗಾಲ್ಫಿನಲ್ಲಿ ಕ್ರಿಯಾಪದ ‘ಪಟ್’, ಹಾಗಾಗಿ ಭೂತಕಾಲ ‘ಪಟೆಡ್’. ಅಡ್ಡಾಡುವುದರಲ್ಲಿ ಕ್ರಿಯಾಪದ ‘ಪಟರ್’, ಹಾಗಾಗಿ ‘ಪಟರ್ಡ್’, ‘ಪಟರಿಂಗ್’. ಅಂದರೆ ‘ಪಟರಿಂಗ್’ ಕಂಡರೆ ಅದು ಗಾಲ್ಫ್ ಅಲ್ಲ. ನಿಮ್ಮ ಮೊದಲ ವಾಕ್ಯದ ಗಂಟು ಅಲ್ಲಿಗೇ ಬಿಚ್ಚಿತು. ಹಿಂದೆ ಮುಂದೆ ‘ಅರೌಂಡ್’, ‘ಅಬೌಟ್’ ಇದ್ದರೆ ಇನ್ನೂ ಖಚಿತ. ‘ಎ’, ‘ದ’, ‘ಹಿಸ್’ ಎಂಬಂಥವು ಮುಂದೆ ಬಂದರೆ ನಾಮಪದ, ಸಾಮಾನ್ಯವಾಗಿ ಗಾಲ್ಫ್. ನಿಜವಾದ ತೊಡಕು ‘ಪಟಿಂಗ್’ ಎಂಬ ಬರಹದಲ್ಲಿದೆ. ‘ಪುಟ್’ಗೆ ‘ಇಂಗ್’ ಸೇರಿದಾಗ ಕಾಗುಣಿತದ ನಿಯಮದಂತೆ ‘ಟಿ’ ಎರಡಾಗುತ್ತದೆ. ‘ಪಟ್’ಗೆ ಮೊದಲೇ ಎರಡಿದೆ. ಹೀಗಾಗಿ ‘ಪುಟಿಂಗ್’ ಮತ್ತು ‘ಪಟಿಂಗ್’ ಬರಹದಲ್ಲಿ ಪಡಿಯಚ್ಚು. ಚೆಂಡನ್ನು ನೆಲದ ಮೇಲೆ ಇಡುತ್ತಿದ್ದಾನೋ, ಕುಳಿಯತ್ತ ಹೊಡೆಯುತ್ತಿದ್ದಾನೋ ಎಂಬುದನ್ನು ಸುತ್ತಲಿನ ವಾಕ್ಯದಿಂದಲೇ ತಿಳಿಯಬೇಕು.

ಇನ್ನೊಂದು ‘ಪಟರ್’ ಎಲ್ಲಾದರೂ ಎದುರಾಗಬಹುದು: ‘ದ ಬೋಟ್ ಪಟರ್ಡ್ ಅಕ್ರಾಸ್ ದ ಲೇಕ್’. ಅದು ಸದ್ದಿನ ಪದ. ಸಣ್ಣ ಎಂಜಿನ್ ‘ಪಟ್ ಪಟ್’ ಅನ್ನುತ್ತ ಸಾಗುವುದು. ಕನ್ನಡಕ್ಕೆ ಇಲ್ಲಿ ಬಡತನವೇ ಇಲ್ಲ: ದೋಣಿ ಪಟಪಟ ಸದ್ದು ಮಾಡುತ್ತ ಕೆರೆ ದಾಟಿತು. ಆದರೆ ಅಮೆರಿಕದ ಬರಹದಲ್ಲಿ ‘ಪಟ್-ಪಟ್’ ಎಂದು ಕಂಡ ಕೂಡಲೇ ದೋಣಿ ಎಂದುಕೊಳ್ಳಬೇಡಿ. 1954ರಲ್ಲಿ ಡಾನ್ ಕ್ಲೇಟನ್ ಉತ್ತರ ಕ್ಯಾರೊಲಿನಾದ ಫೆಯೆಟ್‌ವಿಲ್‌ನಲ್ಲಿ ಶುರುಮಾಡಿದ ಪುಟಾಣಿ ಗಾಲ್ಫಿನ ಹೆಸರೂ ‘ಪಟ್-ಪಟ್’, ಮತ್ತು ಅಲ್ಲಿನ ಅನೇಕರು ಮಿನಿ ಗಾಲ್ಫನ್ನೇ ಹಾಗೆ ಕರೆಯುತ್ತಾರೆ.

ಈಗ ಕನ್ನಡಕ್ಕೆ ತರುವ ಮಾತು. ‘ಪಟರ್ ಅರೌಂಡ್’ಗೆ ‘ಕಾಲಹರಣ ಮಾಡು’ ಎಂದು ಬರೆಯುವುದು ತೀರಾ ಸಾಮಾನ್ಯ, ಮತ್ತು ನಮ್ಮ ಪ್ರಕಾರ ಹತ್ತರಲ್ಲಿ ಒಂಬತ್ತು ಸಲ ತಪ್ಪು. ಕಾಲಹರಣದಲ್ಲಿ ಆಪಾದನೆ ಇದೆ: ಮಾಡಬೇಕಾದ್ದನ್ನು ಬಿಟ್ಟ ಎಂಬ ದೂರು. ಪಟರ್‌ನಲ್ಲಿ ದೂರಿಲ್ಲ. ‘ಸುಮ್ಮನಿದ್ದರು’ ಎಂದರೂ ಸರಿಹೋಗದು, ಏಕೆಂದರೆ ಕೈ ಆಡುತ್ತಲೇ ಇರುತ್ತದೆ. ‘ಟೈಂಪಾಸ್’ ಹತ್ತಿರ ಬರುತ್ತದೆ, ಆದರೆ ಟೈಂಪಾಸನ್ನು ಕೂತಲ್ಲೇ ಮಾಡಬಹುದು, ಪಟರ್ ಮಾಡುವವರು ಕೂರುವುದಿಲ್ಲ. ಮೊಳೆ ಡಬ್ಬಿ ತೆಗೆದು ದೊಡ್ಡದನ್ನೂ ಸಣ್ಣದನ್ನೂ ಬೇರೆ ಮಾಡುವುದು, ಅರ್ಧಕ್ಕೆ ಬಿಟ್ಟು ಕಿರುಗುಟ್ಟುವ ಬಾಗಿಲಿಗೆ ಎರಡು ಹನಿ ಎಣ್ಣೆ ಬಿಡುವುದು, ಎಣ್ಣೆ ಡಬ್ಬಿ ಇಡಲು ಹೋದಲ್ಲಿ ಹಳೆಯ ಟಾರ್ಚ್ ಕಂಡು ಅದರ ಸೆಲ್ ತೆಗೆದು ಒರೆಸುವುದು. ಒಂದು ಕೆಲಸ ಇನ್ನೊಂದಕ್ಕೆ ದಾರಿ ತೋರಿಸುತ್ತದೆ, ಯಾವುದಕ್ಕೂ ಅವಸರವಿಲ್ಲ, ಯಾವುದೂ ಆಗಲೇಬೇಕೆಂದಿಲ್ಲ, ಮಾಡುವವರಿಗೆ ಹಿತವಾಗಿದೆ. ಈ ನಾಲ್ಕೂ ಇದ್ದರೆ ಅದು ಪಟರ್.

ಅಕ್ಕಪಕ್ಕದ ಪದಗಳೊಡನೆ ಹೋಲಿಸಿದರೆ ಗೆರೆ ಸ್ಪಷ್ಟವಾಗುತ್ತದೆ. ‘ಟಿಂಕರ್’ ಮಾಡುವವನು ಒಂದೇ ವಸ್ತುವನ್ನು ಹಿಡಿದು ಬಿಚ್ಚಿ ಜೋಡಿಸಿ ನೋಡುತ್ತಾನೆ, ಅದು ಸರಿಹೋಗಲಿ ಎಂಬ ಆಸೆ ಅವನಿಗಿದೆ. ‘ಡಾಡಲ್’ ಎಂದರೆ ಹೋಗಬೇಕಾದವರು ಕಾಲೆಳೆಯುವುದು. ‘ಲಾಯಿಟರ್’ನಲ್ಲಿ ಅನುಮಾನದ ವಾಸನೆ, ಇಲ್ಲಿ ಸುಳಿದಾಡಬಾರದು ಎಂದು ಫಲಕ ಹಾಕುವುದು ಅದಕ್ಕೆ.

ಕನ್ನಡದಲ್ಲಿ ಈ ಹಿತವನ್ನು ಹೊರುವುದು ನಾಮಪದವಲ್ಲ, ‘ಕೊಂಡಿರು’ ಎಂಬ ಕ್ರಿಯಾಬಾಲ. ‘ಕೆಲಸ ಮಾಡಿದರು’ ಎಂಬಲ್ಲಿ ಕೆಲಸ ಮುಖ್ಯ. ‘ಅದೂ ಇದೂ ಮಾಡಿಕೊಂಡಿದ್ದರು’ ಎಂಬಲ್ಲಿ ಮಾಡುವವರ ನೆಮ್ಮದಿ ಮುಖ್ಯ. ‘ತೋಟದಲ್ಲಿ ಕೈಯಾಡಿಸಿಕೊಂಡಿದ್ದರು’, ‘ಅಡುಗೆಮನೆಯಲ್ಲಿ ಅದು ಇದು ಎತ್ತಿಟ್ಟುಕೊಂಡಿದ್ದರು’, ‘ಮನೆಯೊಳಗೇ ಸಣ್ಣಪುಟ್ಟದ್ದು ಮಾಡಿಕೊಂಡು ಓಡಾಡಿಕೊಂಡಿದ್ದರು’: ಯಾವುದಾದರೂ ಸರಿ, ಜಾಗ ನೋಡಿ ಆರಿಸಿ. ಬೈಗುಳದ ದನಿಯಲ್ಲಿ ಬಂದಾಗ ಮಾತ್ರ ಬಾಲ ಬದಲಿಸಿ. ‘ಸ್ಟಾಪ್ ಪಟರಿಂಗ್ ಅಂಡ್ ಕಮ್’ ಎಂದರೆ ‘ಅಲ್ಲೇನು ಅದೂ ಇದೂ ಎತ್ತಿಡ್ತಾ ನಿಂತಿದ್ದೀಯ, ಬಾ ಬೇಗ’. ‘ಪಟರ್’ ಜತೆ ‘ಅವೇ’ ಬಂದರೆ ನಷ್ಟದ ಛಾಯೆ ಬರುತ್ತದೆ: ‘ಬೆಳಗ್ಗೆಯನ್ನೆಲ್ಲ ಹೀಗೇ ಕಳೆದುಬಿಟ್ಟರು’. ಆಗ ‘ಕೊಂಡಿರು’ ಹೋಗಿ ‘ಬಿಡು’ ಬಂತು, ಗಮನಿಸಿ.

ನಿಮ್ಮ ವಾಕ್ಯದಲ್ಲಿ ಇನ್ನೊಂದು ಗುಂಡಿ ಇದೆ, ಅದು ‘ಗರಾಜ್’. ‘ಬೆಳಗ್ಗೆಯೆಲ್ಲ ಗ್ಯಾರೇಜಿನಲ್ಲಿ ಏನೋ ಮಾಡಿಕೊಂಡಿದ್ದರು’ ಎಂದು ಬರೆದರೆ ಕನ್ನಡದ ಓದುಗರಿಗೆ ಕಾಣುವುದು ಗಾಡಿ ರಿಪೇರಿ ಅಂಗಡಿ. ‘ಏನೋ ಮಾಡಿಕೊಂಡಿದ್ದಾರೆ’ ಎಂಬುದು ನಮ್ಮಲ್ಲಿ ಜೀವನೋಪಾಯದ ಮಾತೂ ಹೌದು. ಎರಡೂ ಸೇರಿ ನಿವೃತ್ತರಿಗೆ ಮೆಕ್ಯಾನಿಕ್ ಕೆಲಸ ಕೊಡಿಸಿಬಿಡುತ್ತವೆ. ‘ಕಾರು ನಿಲ್ಲಿಸುವ ಶೆಡ್’ ಎನ್ನಿ, ಎರಡನೆಯ ಸಲದಿಂದ ‘ಶೆಡ್’ ಸಾಕು.

ಗಾಲ್ಫ್ ಭಾಗ ಸುಲಭವೆಂದು ಕಂಡರೂ ಅಲ್ಲಿಯೇ ಹೆಚ್ಚು ಜಾರುತ್ತಾರೆ. ಆಟಗಾರರು ಒಂದು ಸುತ್ತಿನ ಆಟಕ್ಕೆ ಗರಿಷ್ಠ 14 ಕೋಲು ಒಯ್ಯಬಹುದು, ಪಟರ್ ಅವುಗಳಲ್ಲೊಂದು. ಗ್ರೀನ್ ಎಂದರೆ ಹುಲ್ಲನ್ನು ತೀರಾ ಗಿಡ್ಡಕ್ಕೆ ಕತ್ತರಿಸಿದ, ಕುಳಿಯಿರುವ ಅಂಗಳ. ಅಲ್ಲಿ ಬಳಸುವುದಕ್ಕೆಂದೇ ಮಾಡಿದ ಕೋಲು ಪಟರ್. ‘ಗ್ರೀನ್’ ಅನ್ನು ಗ್ರೀನ್ ಎಂದೇ ಬಿಡಿ, ‘ಹಸಿರಿನ ಮೇಲೆ ನಿಂತರು’ ಎಂದರೆ ಯಾರಿಗೂ ಅರ್ಥವಾಗದು. ಕುಳಿಯ ಅಗಲ 108 ಮಿಲಿಮೀಟರ್, ಚೆಂಡಿನದು ಕನಿಷ್ಠ 42.67. ಎರಡು ಚೆಂಡು ಅಕ್ಕಪಕ್ಕ ಹಿಡಿದು ಚೂರು ಜಾಗ ಉಳಿಯುವಷ್ಟೇ ಕುಳಿ. ಬಲಕ್ಕಿಂತ ಗುರಿಗೆ ಬೆಲೆ ಇರುವ ಹೊಡೆತ ಇದೆಂಬುದು ವರ್ಣನೆಯಲ್ಲಿ ಕಾಣಬೇಕು.

ಪಟರ್‌ನ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ನೆಟ್ಟಗೆ ನಿಂತಿರುತ್ತದೆ ಎನ್ನಿಸಿದರೂ ಸಾಮಾನ್ಯವಾಗಿ 3ರಿಂದ 4 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ನಿಯಮದ ಮಿತಿ 10 ಡಿಗ್ರಿ, ಅದಕ್ಕಿಂತ ವಾಲಿದ್ದನ್ನು ಪಟರ್ ಎನ್ನುವಂತಿಲ್ಲ. ಚೆಂಡು ತನ್ನ ಭಾರಕ್ಕೆ ಹುಲ್ಲಿನಲ್ಲಿ ಕೂದಲೆಳೆಯಷ್ಟು ತಗ್ಗಿ ಕೂತಿರುತ್ತದೆ. ಈ ವಾಲು ಅದನ್ನು ತಗ್ಗಿನಿಂದ ಎತ್ತುತ್ತದೆ. ಚೆಂಡು ಮೊದಲು ಸ್ವಲ್ಪ ಜಾರಿ ಆಮೇಲೆ ಉರುಳುತ್ತದೆ. ಹೊಡೆಯುವಾಗ ಕೈ ತೀರಾ ಮುಂದಕ್ಕೆ ಬಾಗಿದರೆ ವಾಲು ಕಳೆದುಹೋಗಿ ಮುಖ ಚೆಂಡನ್ನು ನೆಲಕ್ಕೆ ಒತ್ತುತ್ತದೆ, ಚೆಂಡು ಕುಪ್ಪಳಿಸಿ ದಾರಿ ತಪ್ಪುತ್ತದೆ. ವಾಲು ಅತಿಯಾದರೆ ಚೆಂಡು ಗಾಳಿಗೇರಿ ಬಿದ್ದು ವೇಗದ ಲೆಕ್ಕ ಕೆಡುತ್ತದೆ. ಕತೆಯಲ್ಲಿ ಚೆಂಡು ‘ಹಾಪ್’ ಮಾಡಿತು ಎಂದಿದ್ದರೆ ಅದು ಲವಲವಿಕೆಯ ವರ್ಣನೆ ಅಲ್ಲ, ಹೊಡೆತ ಕೆಟ್ಟಿತೆಂಬ ಸುದ್ದಿ.

ಕ್ರಿಯಾಪದಕ್ಕೆ ಬಂದರೆ, ‘ಚೆಂಡನ್ನು ಕುಳಿಗೆ ತಳ್ಳಿದರು’ ಎಂದು ಬರೆಯಬೇಡಿ. ‘ಪಟ್’ನ ಬೇರು ‘ತಳ್ಳು’ ಎಂದು ಮೇಲೆ ಹೇಳಿದ್ದು ನಿಜ, ಆದರೆ ಇಂದಿನ ಗಾಲ್ಫಿನಲ್ಲಿ ತಳ್ಳುವುದು ಅಪರಾಧ. ಚೆಂಡನ್ನು ಕೋಲಿನ ತಲೆಯಿಂದ ಹೊಡೆಯಬೇಕು. ತಳ್ಳಿದರೆ, ಕೆರೆದರೆ, ಗೋರಿದರೆ ಹೊಡೆತಗಳ ಲೆಕ್ಕದ ಆಟದಲ್ಲಿ ಎರಡು ಹೊಡೆತದ ದಂಡ. ಅತ್ತ ಗುಂಡಿನ ಆಟದಲ್ಲಿ ತಳ್ಳದಿದ್ದರೆ ತಪ್ಪು, ಇತ್ತ ಗಾಲ್ಫಿನಲ್ಲಿ ತಳ್ಳಿದರೆ ತಪ್ಪು. ‘ಮೆಲ್ಲಗೆ ಹೊಡೆದು ಕುಳಿಯತ್ತ ಉರುಳಿಸಿದರು’ ಎಂದರೆ ನಿಯಮಕ್ಕೂ ಸರಿ, ಕಣ್ಣಿಗೂ ಕಟ್ಟುತ್ತದೆ.

‘ಶಿ ಈಸ್ ಎ ಗ್ರೇಟ್ ಪಟರ್’ ಎಂದು ಬಂದರೆ ಕೋಲಿನ ಮಾತಲ್ಲ, ಹೊಡೆಯುವವಳದು: ‘ಗ್ರೀನ್ ಮೇಲೆ ಅವಳ ಕೈ ಪಕ್ಕಾ’. ಡಿಸ್ಕ್ ಗಾಲ್ಫ್ ಎಂಬ ಆಟದಲ್ಲಂತೂ ಪಟರ್ ಕೋಲೇ ಅಲ್ಲ, ಬುಟ್ಟಿಯ ಹತ್ತಿರದಿಂದ ಎಸೆಯುವ ತಟ್ಟೆ. ಹಾಗಾಗಿ ‘ಪಟರ್ ಕೋಲು’ ಎಂದು ಕಣ್ಣುಮುಚ್ಚಿ ಬರೆಯುವ ಮೊದಲು ಆಟ ಯಾವುದೆಂದು ನೋಡಿ. ನಿಮ್ಮ ನಿವೃತ್ತರಿಗೆ ಮೊದಲ ಸಲ ‘ಪಟರ್ ಕೋಲು’, ಆಮೇಲೆ ಬರೀ ‘ಪಟರ್’ ಸಾಕು.

ಉಳಿದದ್ದು ಹೆಂಡತಿಯ ಮಾತು: ‘ಹಿ ಪಟರ್ಸ್ ಮೋರ್ ದ್ಯಾನ್ ಹಿ ಪಟ್ಸ್’. ಗಾಲ್ಫ್ ಆಡಲು ಹೊರಟವರು ಶೆಡ್ಡಿನಲ್ಲೇ ಹೊತ್ತು ಕಳೆಯುತ್ತಾರೆ ಎಂಬ ಅಕ್ಕರೆಯ ಕುಟುಕು. ಇದನ್ನು ‘ಪಟರ್’ ಇಟ್ಟುಕೊಂಡೇ ಅನುವಾದಿಸಿ ಅಡಿಟಿಪ್ಪಣಿ ಹಾಕಿದರೆ ನಗು ಸತ್ತುಹೋಗುತ್ತದೆ. ಆದರೆ ಇಂಗ್ಲಿಷಿನ ತಮಾಷೆ ನಿಂತಿರುವುದು ‘ಅರ್’ ಮೇಲೆ, ಆ ‘ಅರ್’ ಮಾಡುವ ಕೆಲಸಕ್ಕೆ ನಮ್ಮಲ್ಲಿ ‘ಆಡು’ ಇದೆ, ಮತ್ತು ‘ಆಡು’ ಎಂದರೆ ಆಟವಾಡು ಎಂದೂ ಆಗುತ್ತದೆ. ‘ಇವರು ಆಡೋದಕ್ಕಿಂತ ಓಡಾಡೋದೇ ಹೆಚ್ಚು’ ಎನ್ನಿಸಿ. ಇದು ಕೆಲಸ ಮಾಡಬೇಕಾದರೆ ಮೊದಲ ಪುಟದಲ್ಲೇ ಬೀಜ ಹಾಕಿರಬೇಕು. ಅಲ್ಲಿ ‘ಕೈಯಾಡಿಸಿಕೊಂಡಿದ್ದರು’ ಎಂದು ಬರೆದಿದ್ದರೆ ಬದಲಿಸಿ, ‘ಬೆಳಗ್ಗೆಯೆಲ್ಲ ಶೆಡ್ಡಿನಲ್ಲಿ ಅದೂ ಇದೂ ಮಾಡಿಕೊಂಡು ಓಡಾಡಿಕೊಂಡಿದ್ದರು’ ಎಂದು ಮಾಡಿ.